ಷರಾ

ಹನ್ನೆರಡೂವರೆಗೆ ನಿಲ್ಲಬೇಕು ಕೆಲಸ, ಮೂರೂವರೆಯವರೆಗೆ,
ಜೂನಿನಿಂದ ಆಗಸ್ಟು ಮುಗಿಯುವ ತನಕ.
ಅಷ್ಟೇ ನಿಯಮ. ಒಂದು ಬೀಡಿ ಸೇದುವಷ್ಟರಲ್ಲಿ ಓದಿ ಮುಗಿಸಬಹುದು.
ಜಾರಿ ಮಾಡಲು ಮಾತ್ರ
ಒಂದು ಬಿಳಿ ಪಿಕಪ್ಪು ಬೇಕು, ಅದರ ಬಾಗಿಲಿಗೆ ಸರ್ಕಾರದ ಮುದ್ರೆ,
ಒಳಗೆ ಇನ್‌ಸ್ಪೆಕ್ಟರ್ ಮುಸಲ್ಲಂ, ಅವನ ಮೊಣಕಾಲ ಮೇಲೆ ಫಾರಮ್ಮುಗಳ ಕಟ್ಟು,
ಸ್ಟೇರಿಂಗ್ ಹಿಡಿಯಲು ಸುರತ್ಕಲ್ಲಿನ ನಾನು.

ಸೋಹಾರಿನ ಬಂದರಿನಾಚೆ ಮೂವತ್ತೊಂದು ಸೈಟು.
ವಾರಕ್ಕೆ ನಾವು ಮುಟ್ಟುವುದು ಆರು.
ಉಳಿದ ಇಪ್ಪತ್ತೈದರಲ್ಲಿ
ಗೇಟಿಗೆ ಅಂಟಿಸಿದ ಕಾಗದವೇ ಒಬ್ಬಂಟಿಯಾಗಿ ಕಾವಲು:
ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ, ಉರ್ದುವಿನಲ್ಲಿ, ಬಂಗಾಳಿಯಲ್ಲಿ, ಮಲಯಾಳದಲ್ಲಿ.
ಕನ್ನಡ ಇಲ್ಲ. ಇರಲಿ, ಗೋಂದು ಬಿಸಿಲಿಗೆ ಕರಗಿ
ಆಗಸ್ಟಿನೊಳಗೆ ಎಲ್ಲ ಭಾಷೆಯೂ ನೆಲಕ್ಕೆ.

ಪಿಕಪ್ಪಿನ ಧೂಳು ರಸ್ತೆಯ ತಿರುವಿನಲ್ಲಿ ಕಂಡೊಡನೆ
ಕಾವಲುಗಾರನ ಮಿಸ್ಡ್ ಕಾಲ್ ಹೊರಡುತ್ತದೆ.
ನಾವು ಗೇಟು ತಲುಪುವಷ್ಟರಲ್ಲಿ
ನಲವತ್ತು ಜನ ತಗಡಿನ ನೆರಳಲ್ಲಿ ಮಲಗಿರುತ್ತಾರೆ,
ಅಷ್ಟೂ ಜನ ಏದುಸಿರು ಬಿಡುತ್ತ ನಿದ್ರೆಯಲ್ಲಿ.

ಮುಸಲ್ಲಂ ಕಟಿಂಗ್ ಮೆಷಿನ್ನಿನ ಮೇಲೆ ಅಂಗೈ ಇಡುತ್ತಾನೆ, ತೆಗೆಯುತ್ತಾನೆ.
ಆ ಬಿಸಿಲಲ್ಲಿ ದುಡಿದ ಮೆಷಿನ್ನೂ ಬಿಸಿ, ಸುಮ್ಮನೆ ನಿಂತದ್ದೂ ಬಿಸಿ,
ಪುರಾವೆ ನಿಲ್ಲುವುದಿಲ್ಲ.
ಬಾಗಿ, ಕಬ್ಬಿಣದ ಪುಡಿಯನ್ನು ಬೆರಳಿಂದ ಒತ್ತಿ ನೋಡುತ್ತಾನೆ.
ಫೋರ್‌ಮನ್: "ನಿನ್ನೆಯದು, ಸರ್."
"ನಿನ್ನೆ ಗಾಳಿ ಬೀಸಿತ್ತು," ಅನ್ನುತ್ತಾನೆ ಮುಸಲ್ಲಂ, ಬರೆಯುತ್ತಾನೆ.
ದಂಡವನ್ನು ಕಂಪನಿಯವರು ಡೀಸೆಲ್ಲಿನ ಕೆಳಗಿನ ಸಾಲಿನಲ್ಲಿ
ಮೊದಲೇ ಬರೆದಿಟ್ಟುಕೊಂಡಿರುತ್ತಾರೆ.

ಹೋದ ವರ್ಷದ ಒಂದು ಬುಧವಾರ
ನೆರಳು ಇತ್ತು, ಡ್ರಮ್ಮಿನಲ್ಲಿ ನೀರು ಇತ್ತು, ಗಡಿಯಾರ ಸರಿ ಇತ್ತು.
ಮೂರಕ್ಕೂ ಟಿಕ್ಕು.
ಫಾರಮ್ಮು ಮಡಚುವಾಗ ಮೂಲೆಯಲ್ಲಿದ್ದ ಒಬ್ಬ, ಜೇವರ್ಗಿ ಕಡೆಯ ಯಲ್ಲಾಲಿಂಗ,
ಲೋಟ ಎತ್ತಿ ಹಿಡಿದು, ಯಾರಿಗೂ ಅಲ್ಲ ಎಂಬಂತೆ ಅಂದ:
"ಕುಡಿಲಾಕ ಅಂತ ಇಟ್ಟಾರ. ಎರಕೊಳ್ಳಾಕ ಆಗ್ತದ ನೋಡ್ರಿ ಇದು,
ಸೀಗೀಪುಡಿ ಒಂದ್ ಇದ್ರ."

ನನಗೆ ನಗು ಬಂತು. ಮೂರು ತಿಂಗಳ ಮೇಲೆ ಕೇಳಿದ ಕನ್ನಡ ಅದು.
"ಏನಂತೆ?" ಎಂದ ಮುಸಲ್ಲಂ.
ಸೀಗೆಪುಡಿಗೆ ಅರಬ್ಬಿ ನನಗೆ ಬಾರದು.
"ನೀರು ಬಿಸಿಯಂತೆ" ಎಂದೆ.

ಬಿಸಿ ನೀರಿಗೆ ಕಾಲಂ ಇರಲಿಲ್ಲ.
ನೀರು ಉಂಟೇ, ಇಲ್ಲವೇ, ಅಷ್ಟೇ ಕೇಳುತ್ತಿತ್ತು ಫಾರಮ್ಮು.
ಅವನು ಲೋಟ ಇಸಿದುಕೊಂಡು ಒಂದು ಗುಟುಕು ಬಾಯಿಗೆ ಹಾಕಿ,
ಉಗುಳಲು ನಾಚಿ, ನುಂಗಿ,
ಷರಾ ಎಂಬ ತೆಳ್ಳನೆಯ ಜಾಗದಿಂದ ಶುರುಮಾಡಿ
ಕಾಲಂ ದಾಟಿ ಅಂಚಿನುದ್ದಕ್ಕೂ ಬರೆದ.

ಆ ಅಂಚು ಮಸ್ಕತ್ತಿಗೆ ಹೋಯಿತು.
ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತೋ,
ಯಾರು "ಬಿಸಿ ಎಂದರೆ ಎಷ್ಟು?" ಎಂದರೋ,
ಇಪ್ಪತ್ತೆಂಟಕ್ಕೆ ಯಾರು ಹಟ ಹಿಡಿದು, ಇಪ್ಪತ್ತಕ್ಕೆ ಯಾರು ಜಗ್ಗಿ
ಚಹಾ ಆರಿತೋ, ನಮಗೆ ತಿಳಿಯದು.
ಮೇ ತಿಂಗಳಲ್ಲಿ ಸುತ್ತೋಲೆ ಬಂತು: ಖಂಡ ನಾಲ್ಕು, ಉಪಖಂಡ ಆ,
ಕುಡಿಯುವ ನೀರು ಇಪ್ಪತ್ತೈದು ಡಿಗ್ರಿ ಮೀರತಕ್ಕದ್ದಲ್ಲ.
ಜೊತೆಗೆ ಒಂದು ಥರ್ಮಾಮೀಟರು, ರಸೀದಿಗೆ ಸಹಿ.

ಹೇಳಬೇಕೆಂದು ಆ ಸೈಟಿಗೆ ಹೋದೆ. ಯಲ್ಲಾಲಿಂಗ ಇರಲಿಲ್ಲ.
ನಾವು ಬಂದುಹೋದ ಒಂಬತ್ತನೇ ದಿನಕ್ಕೆ
ದುಕಮ್ಮಿಗೆ ಹಾಕಿದರಂತೆ, ಡಾಂಬರಿನ ಕೆಲಸಕ್ಕೆ.
"ವರ್ಗ" ಎಂದ ಫೋರ್‌ಮನ್, ಹಲ್ಲುಕಡ್ಡಿ ತಿರುಗಿಸುತ್ತ.
ಇದಕ್ಕೂ ಕಾಲಂ ಇಲ್ಲ. ಮುಸಲ್ಲಂ ಈ ಸಲ ಪೆನ್ನು ತೆಗೆಯಲಿಲ್ಲ;
ದುಕಮ್ಮು ಬೇರೆ ವಿಭಾಗ.

ಈಗ ಎಲ್ಲ ಸೈಟಿನಲ್ಲೂ ಗೇಟಿನ ಬಳಿ ನೀಲಿ ಕೂಲರು,
ಐಸು ತೇಲುವ ಕೂಲರು. ಬಂದವರ ಕೈಗೆ ಮೊದಲು ಅದರ ಲೋಟ.
ಹದಿನಾಲ್ಕು ಡಿಗ್ರಿ. ಟಿಕ್ಕು.
ನಾನು ಡ್ರೈವರು, ಬಾಯಿ ಹಾಕುವ ಹಾಗಿಲ್ಲ.
ಪಿಕಪ್ಪನ್ನು ಮಾತ್ರ ಗೇಟಿನಲ್ಲಿ ನಿಲ್ಲಿಸದೆ
ಒಳಗೊಳಗೆ ಓಡಿಸಿ, ಕೊನೆಯ ತಗಡಿನ ಹಿಂದಿನ
ಕರಿ ಡ್ರಮ್ಮಿಗೆ ಬಂಪರು ತಾಗುವಂತೆ ಬ್ರೇಕು ಹಾಕುತ್ತೇನೆ.
ಮುಸಲ್ಲಂ ನನ್ನ ಮುಖ ನೋಡುವುದಿಲ್ಲ.
ಇಳಿದು, ಕಡ್ಡಿಯನ್ನು ನೀರಿಗೆ ಬಿಟ್ಟು,
ಅಂಕಿ ನಿಲ್ಲಲಿ ಎಂದು ಕಾಯುತ್ತಾನೆ.
ಮೂವತ್ತಾರು. ಮೂವತ್ತೇಳು. ಇನ್ನೂ ನಿಂತಿಲ್ಲ.